ಬಿಟ್ಟು ಹೊರಡಬಲ್ಲ ಮನೆ

 

ಬೆಂಗಳೂರಿನ ಮೊದಲ ಕೆಲಸಕ್ಕೆ ನೇಮಕಾತಿ ಪತ್ರ ಬಂದ ಮನೆಯಲ್ಲಿ ಸಂಬಳದ ಮಾತು ಮುಗಿದೊಡನೆ ವಾಸದ ಮಾತು ಆರಂಭವಾಗುತ್ತದೆ. ಈ ವಿಷಯದಲ್ಲಿ ಹಿರಿಯರು ಕೊಡುವ ಸಲಹೆ ಬಹುಮಟ್ಟಿಗೆ ಹಳೆಯ ಬೆಂಗಳೂರನ್ನು ಆಧರಿಸಿದ್ದು, ಆ ಬೆಂಗಳೂರಿನಲ್ಲಿ ಎಲ್ಲಿ ಇರಬೇಕೆಂಬ ಪ್ರಶ್ನೆಗೆ ಅನೇಕ ವೇಳೆ ಉದ್ಯೋಗ ಕೊಟ್ಟವರೇ ಉತ್ತರ ಒದಗಿಸುತ್ತಿದ್ದರು. 1940ರಲ್ಲಿ ಸ್ಥಾಪನೆಯಾದ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಮುಂತಾದ ಕಾರ್ಖಾನೆಗಳು ನೌಕರರಿಗಾಗಿ ಕ್ವಾರ್ಟರ್ಸ್ ಎಂದು ಕರೆಯಲಾಗುವ ವಸತಿ ಬಡಾವಣೆಗಳನ್ನು ಕಟ್ಟಿಸಿದವು, ಅಲ್ಲಿ ಮನೆ ಸಿಗದವರನ್ನು ಕರೆತರಲು ಬಸ್ಸುಗಳನ್ನು ಓಡಿಸಿದವು. ಕೆಲಸ ನಿವೃತ್ತಿಯವರೆಗೂ ಖಾಯಂ ಆಗಿದ್ದುದರಿಂದ ಒಮ್ಮೆ ಹಿಡಿದ ಮನೆಯನ್ನು ಬಿಡುವ ಯೋಚನೆಯೇ ಬರುತ್ತಿರಲಿಲ್ಲ. ಇಂದು ಕಾಲೇಜು ಮುಗಿಸಿ ಬರುವವರ ಸ್ಥಿತಿ ಬೇರೆ. ಅವರು ಮೊದಲ ಕೆಲವು ತಿಂಗಳು ಪ್ರೊಬೇಷನ್‌ನಲ್ಲಿ, ಅಂದರೆ ಕೆಲಸ ಖಾಯಂ ಆಗುವುದಕ್ಕೆ ಮುಂಚಿನ ಪರೀಕ್ಷಾವಧಿಯಲ್ಲಿ ಇರುತ್ತಾರೆ; ತರಬೇತಿ ಒಂದು ಕಡೆ ನಡೆದು ಕೆಲಸ ಇನ್ನೊಂದು ಕಡೆ ಬೀಳಬಹುದು; ಪ್ರಾಜೆಕ್ಟ್ ಬದಲಾದೊಡನೆ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ, ಇಲ್ಲವೇ ಪುಣೆಗೋ ಹೈದರಾಬಾದಿಗೋ ಹೋಗಬೇಕಾಗಬಹುದು; ಇನ್ನೂ ಒಳ್ಳೆಯ ಅವಕಾಶ ಬಂದರೆ ಅವರೇ ಹೊರಡಬಹುದು. ಆದ್ದರಿಂದ ಮೊದಲ ವರ್ಷದ ವಾಸ ಕಚೇರಿಗೆ ಹತ್ತಿರವಿರಬೇಕು, ಹೆಚ್ಚು ನಷ್ಟವಿಲ್ಲದೆ ಬಿಟ್ಟು ಹೊರಡುವಂತಿರಬೇಕು. ಅಂದ, ವಿಸ್ತಾರ, ಬಾಲ್ಕನಿ ಇವೆಲ್ಲ ಅಪೇಕ್ಷಣೀಯವಾದರೂ ಅನಂತರದ ಮಾತು.

ಊರ ನಡುವೆ ಮನೆ ಹಿಡಿದರೆ ಎಲ್ಲ ಕಡೆಗೂ ಹತ್ತಿರ ಎಂಬುದು ಹಿರಿಯರ ಇನ್ನೊಂದು ನಂಬಿಕೆ. ಇದಕ್ಕೆ ಹೋಲುವ ಊಹೆ ಶಾಸ್ತ್ರದಲ್ಲೂ ಇದೆ. ಅಮೆರಿಕದ ವಿದ್ವಾಂಸ ವಿಲಿಯಂ ಅಲಾನ್ಸೊ 1964ರ ತನ್ನ ಗ್ರಂಥದಲ್ಲಿ ನಗರದ ವಾಸಕ್ಕೆ ಒಂದು ಸೂತ್ರವನ್ನು ರೂಪಿಸಿದ: ಕೇಂದ್ರದಿಂದ ದೂರ ಸರಿದಂತೆ ಭೂಮಿಯ ಬೆಲೆ ಇಳಿಯುತ್ತದೆ, ಪ್ರಯಾಣದ ವೆಚ್ಚ ಏರುತ್ತದೆ, ಪ್ರತಿಯೊಂದು ಕುಟುಂಬವೂ ಈ ಎರಡನ್ನು ತೂಗಿ ನೋಡಿ ತನಗೆ ಹೊಂದುವ ದೂರವನ್ನು ಆರಿಸಿಕೊಳ್ಳುತ್ತದೆ. ಆದರೆ ಈ ಸೂತ್ರ ನಿಂತಿರುವುದು ಕೆಲಸಗಳೆಲ್ಲ ಒಂದೇ ಕೇಂದ್ರದಲ್ಲಿವೆ ಎಂಬ ಊಹೆಯ ಮೇಲೆ. ಬೆಂಗಳೂರಿನ ಕೆಲಸಗಳಾದರೋ ಪೀಣ್ಯದ ಕೈಗಾರಿಕಾ ಪ್ರದೇಶ, ನಾಗವಾರದ ಸುತ್ತಲಿನ ಟೆಕ್ ಪಾರ್ಕುಗಳು, ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂದು ಅಂಚುಗಳಲ್ಲಿ ಹರಡಿಕೊಂಡಿರುವುದರಿಂದ, ಇಲ್ಲಿ ಊರ ನಡುವೆ ಇರುವ ಮನೆ ಎಲ್ಲ ಕಡೆಗೂ ಸಮಾನವಾಗಿ ದೂರ ಎಂಬ ಮಾತೇ ಹೆಚ್ಚು ನಿಜ.

ಬಾಡಿಗೆಯನ್ನು ಬಿಡಿಯಾಗಿ ನೋಡದೆ ಸಮಯದ ಜೊತೆ ಸೇರಿಸಿ ಲೆಕ್ಕ ಹಾಕುವುದು ಅಗತ್ಯ. ತಿಂಗಳಿಗೆ 30,000 ರೂಪಾಯಿ ಸಂಬಳದ ಒಬ್ಬ ನೌಕರ, ಕಚೇರಿಯ ಹತ್ತಿರದ ಕೋಣೆಗಿಂತ 4,000 ರೂಪಾಯಿ ಕಡಿಮೆ ಬಾಡಿಗೆಗೆ ಸಿಕ್ಕಿತೆಂದು ದೂರದ ಕೋಣೆಯನ್ನು ಹಿಡಿದು, ಅದರಿಂದ ಹೋಗಿಬರುವ ಪ್ರಯಾಣ ದಿನಕ್ಕೆ ಎರಡು ಗಂಟೆ ಹೆಚ್ಚಾಯಿತೆಂದು ಭಾವಿಸೋಣ. ತಿಂಗಳ 22 ಕೆಲಸದ ದಿನಗಳಲ್ಲಿ ಇದು 44 ಗಂಟೆ. ಉಳಿದ 4,000 ರೂಪಾಯಿಯನ್ನು ಹಂಚಿದರೆ ಗಂಟೆಗೆ 90 ರೂಪಾಯಿಯ ಸುಮಾರು. ದಿನಕ್ಕೆ ಎಂಟು ಗಂಟೆ ದುಡಿದರೆ ಅವನ ಸಂಬಳ ಗಂಟೆಗೆ 170 ರೂಪಾಯಿ ಬೀಳುತ್ತದೆ. ಅಂದರೆ ಕಚೇರಿಯವರು ಅವನ ಸಮಯಕ್ಕೆ ಕೊಡುವ ಬೆಲೆಯ ಅರ್ಧಕ್ಕೆ ಅವನೇ ತನ್ನ ಬೆಳಗು ಸಂಜೆಗಳನ್ನು ಮಾರಿಕೊಂಡಂತಾಯಿತು, ಅದೂ ಬಸ್ಸಿನ ಖರ್ಚನ್ನು ಲೆಕ್ಕಕ್ಕೆ ಹಿಡಿಯುವ ಮೊದಲು. ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ಕಡೆಗೆ ಬೆರಳು ತೋರುತ್ತದೆ: ಕಡಿಮೆ ಬಾಡಿಗೆಯೋ ಹೆಚ್ಚು ಸಂಬಳವೋ ದೂರದ ಪ್ರಯಾಣದ ಕಷ್ಟವನ್ನು ಸರಿದೂಗಿಸಿರಬೇಕು ಎಂದು ಅರ್ಥಶಾಸ್ತ್ರ ಊಹಿಸಿದ್ದರೂ, ಹೆಚ್ಚು ಹೊತ್ತು ಪ್ರಯಾಣಿಸುವವರು ಬದುಕಿನ ಬಗ್ಗೆ ಕಡಿಮೆ ತೃಪ್ತಿ ವ್ಯಕ್ತಪಡಿಸಿದ್ದರು.

ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯುವುದು ಈ ನಗರದಲ್ಲಿ ವ್ಯರ್ಥ. ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಎಷ್ಟು ನಿಮಿಷ ಎಂಬುದೇ ನಿಜವಾದ ದೂರ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗಿನ ಮೆಟ್ರೊ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣಗೊಂಡ ಮೇಲೆ ವಿಜಯನಗರದಲ್ಲಿದ್ದು ವೈಟ್‌ಫೀಲ್ಡಿಗೆ ಹೋಗುವವರ ದಾರಿ ಸುಗಮವಾಯಿತು, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ನೌಕರರಿಗೆ ಜಯನಗರ, ಬನಶಂಕರಿಗಳೂ ಕೈಗೆಟುಕಿದವು. ಹಾಗೆಂದು ಇನ್ನೂ ಕಟ್ಟುತ್ತಿರುವ ಮಾರ್ಗವನ್ನು ನಂಬಿ ಮನೆ ಹಿಡಿಯುವುದು ವಿವೇಕವಲ್ಲ, ಏಕೆಂದರೆ ಈ ಹಳದಿ ಮಾರ್ಗವೇ ರೈಲುಬೋಗಿಗಳು ಸಕಾಲಕ್ಕೆ ಬಾರದೆ ಗಡುವಿನ ಮೇಲೆ ಗಡುವು ದಾಟಿ ಆರಂಭವಾಯಿತು. 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದುದನ್ನೂ ತಿಂಗಳ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಬಿಟ್ಟು ಹೊರಡುವ ಸೌಲಭ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಪಿಜಿಯಲ್ಲಿ. ಪೇಯಿಂಗ್ ಗೆಸ್ಟ್ ಎಂಬುದರ ಹ್ರಸ್ವರೂಪವಾದ ಈ ಹೆಸರು ಒಂದು ಕಾಲಕ್ಕೆ ಕುಟುಂಬವೊಂದರ ಮನೆಯಲ್ಲಿ ಹಣ ಕೊಟ್ಟು ಇರುವವರಿಗೆ ಅನ್ವಯಿಸುತ್ತಿತ್ತು. ಈಗಿನ ಪಿಜಿ ಹಾಸಿಗೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ವಸತಿಗೃಹ. ಊಟ ಸಪ್ಪೆಯಿರಬಹುದು, ಕೋಣೆ ಇಕ್ಕಟ್ಟಾಗಿರಬಹುದು, ಆದರೆ ಮುಂಗಡ ಕಡಿಮೆ, ಸಾಮಾನ್ಯವಾಗಿ ಒಂದು ತಿಂಗಳ ಮೊದಲು ತಿಳಿಸಿದರೆ ಹೊರಡಬಹುದು, ಪಾತ್ರೆ ಮಂಚಗಳನ್ನು ಕೊಳ್ಳಬೇಕಾಗಿಲ್ಲ. ಅಂದಿನ ನಗರಪಾಲಿಕೆ ಬಿಬಿಎಂಪಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ ಪಿಜಿಗಳಲ್ಲಿ ಒಬ್ಬೊಬ್ಬರಿಗೂ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ ಇರಬೇಕೆಂದು ವಿಧಿಸಿತು. ಕೋಣೆ ನೋಡಲು ಹೋದವರು ಇವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ, ಅಲ್ಲಿಯೇ ಇರುವ ಒಬ್ಬಿಬ್ಬರನ್ನು ಮಾಲೀಕರ ಬೆನ್ನಹಿಂದೆ ವಿಚಾರಿಸಲೂಬಹುದು.

ಬಾಡಿಗೆ ಮನೆಯ ವ್ಯವಹಾರವನ್ನು ಇನ್ನಷ್ಟು ವಿವರವಾಗಿ ತಿಳಿಯುವುದು ಒಳ್ಳೆಯದು, ಏಕೆಂದರೆ ಹೊಸಬರ ಹಣ ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲಿ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದು ಕರೆಯುವ ಭದ್ರತಾ ಠೇವಣಿಯನ್ನು ಹತ್ತು ತಿಂಗಳ ಬಾಡಿಗೆಯಷ್ಟು ಕೇಳುವ ರೂಢಿ ಬಹುಕಾಲದಿಂದ ನಡೆದುಬಂದಿದ್ದು, ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. 15,000 ರೂಪಾಯಿ ಬಾಡಿಗೆಯ ಮನೆಗೆ ಹತ್ತು ತಿಂಗಳೆಂದರೆ ಒಂದೂವರೆ ಲಕ್ಷ. ಮೊದಲ ಸಂಬಳ ಕಾಣುವ ಮೊದಲೇ ಊರಿನಲ್ಲಿ ಸಾಲ ಮಾಡಿ ಇಷ್ಟು ಹಣ ಹೊಂದಿಸುವ ತಂದೆತಾಯಿಯರು ಕಡಿಮೆಯಿಲ್ಲ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿತಾದರೂ, ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೇ, ತಾನಾಗಿ ಜಾರಿಗೆ ಬರುವ ಕಾನೂನಲ್ಲ. ಕರಾರು ಪತ್ರ 11 ತಿಂಗಳಿಗೆ ಇರುವುದಕ್ಕೂ ಕಾರಣವಿದೆ: 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕಾಗಿದ್ದು, ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುತ್ತಾರೆ. ಸಹಿ ಹಾಕುವ ಮುನ್ನ ಎರಡು ಕಡೆ ಕಣ್ಣಿಡಬೇಕು. ಒಂದು ಲಾಕ್‌ಇನ್, ಅಂದರೆ ಇಂತಿಷ್ಟು ತಿಂಗಳೊಳಗೆ ಬಿಟ್ಟರೆ ದಂಡ ತೆರಬೇಕೆಂಬ ಷರತ್ತು. ಇನ್ನೊಂದು, ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಅಡ್ವಾನ್ಸಿನಿಂದ ಮುರಿದುಕೊಳ್ಳುವ ಮೊತ್ತ, ಇದು ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯಷ್ಟಿರುತ್ತದೆ. ಇನ್ನು ಭೋಗ್ಯದ ಮಾತು. ಕೆಲವು ಲಕ್ಷಗಳನ್ನು ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ವಾಸಿಸಿ, ಅವಧಿ ಮುಗಿದಾಗ ಹಣ ಹಿಂಪಡೆಯುವ ಈ ಪದ್ಧತಿ ಕಾಗದದ ಮೇಲೆ ಆಕರ್ಷಕ; ಆದರೆ ಮನೆ ಅದಾಗಲೇ ಬ್ಯಾಂಕಿಗೆ ಅಡವಾಗಿದ್ದು ಸಾಲ ತೀರದಿದ್ದರೆ ಬ್ಯಾಂಕು ಮನೆಯನ್ನೇ ಹರಾಜಿಗಿಡಬಹುದು, ಆಗ ಭೋಗ್ಯದಾರನ ಹಣಕ್ಕೆ ಕೋರ್ಟಿನ ದಾರಿಯೇ ಗತಿ. ಮೊದಲ ಕೆಲಸದವರು ಭೋಗ್ಯದ ಹತ್ತಿರ ಸುಳಿಯದಿರುವುದೇ ಲೇಸು.

ನೀರಿನ ವಿಚಾರವನ್ನು ಮಳೆಗಾಲದಲ್ಲಿ ಮನೆ ನೋಡಿದವರು ಮರೆಯುತ್ತಾರೆ. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಎತ್ತರಕ್ಕೆ ಪಂಪು ಮಾಡಿಕೊಂಡು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ನೀರಿನ ಯೋಜನೆಯ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ; ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಗಿ ಬಂದಿತ್ತು. ಆದ್ದರಿಂದ ಕಾವೇರಿಯೋ ಬೋರೋ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂಬ ಪ್ರಶ್ನೆಗಳನ್ನು ಬಾಡಿಗೆಯ ಮಾತಿಗೆ ಮೊದಲೇ ಕೇಳಬೇಕು. ವಿದ್ಯುತ್ ಮೀಟರಿನ ಬಗ್ಗೆಯೂ ವಿಚಾರಿಸಬೇಕು, ಅದು ಪ್ರತ್ಯೇಕವಾಗಿದ್ದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆ.

ನೆಂಟರ ಮನೆಯಲ್ಲಿ ಇರುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಕೆಲವು ವಾರ ಇದ್ದು ಊರಿನ ಪರಿಚಯ ಮಾಡಿಕೊಳ್ಳಲು ಅದು ಉತ್ತಮ, ತಿಂಗಳುಗಟ್ಟಲೆ ಇದ್ದರೆ ಎರಡೂ ಕಡೆಯವರಿಗೆ ಮುಜುಗರ.

ಮಕ್ಕಳು ಕೆಲಸಕ್ಕೆ ಸೇರಿದ ತಿಂಗಳಲ್ಲೇ ನಾಲ್ಕು ಜನ ಬಂದು ಉಳಿಯುವಂಥ ಮನೆ ಮಾಡಬೇಕೆಂದು ತಂದೆತಾಯಿಯರು ಬಯಸುವುದು ಸಹಜವೇ. ಆದರೆ ಕೆಲಸ ಖಾಯಂ ಆಗಿ ಕಚೇರಿಯ ಜಾಗ ನಿಶ್ಚಯವಾಗುವವರೆಗೆ ಅವರು ಒತ್ತಾಯಿಸದಿರಲಿ, ಅಡ್ವಾನ್ಸಿಗೆಂದು ಕೂಡಿಟ್ಟ ಹಣವನ್ನು ಅಲ್ಲಿಯವರೆಗೆ ಬ್ಯಾಂಕಿನಲ್ಲೇ ಬಿಡಲಿ ಎಂದು ವಿನಂತಿ.