ನೋಡಿದ್ದಾಯಿತು, ಈಗ ಹೇಳಿ

"ನಿನ್ನೆ ರಾತ್ರಿ ಯಾವ ಸಿನಿಮಾ ನೋಡಿದ್ರಿ? ಹೇಗಿತ್ತು?" ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವುದು ಮೂರೇ ಉತ್ತರ. ಸೂಪರ್, ಬೋರು, ಒಂದ್ಸಲ ನೋಡಬಹುದು. ಕೇಳಿದವರು ಇವತ್ತು ರಾತ್ರಿ ಅದಕ್ಕಾಗಿ ಎರಡು ಗಂಟೆ ಎತ್ತಿಡಬೇಕೋ ಬೇಡವೋ ಎಂಬುದು ಇಷ್ಟರಿಂದ ತೀರ್ಮಾನವಾಗುವುದಿಲ್ಲ. ಆದರೆ ನೋಡಿದವರ ಮನಸ್ಸಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಇರುವುದಿಲ್ಲ, ಅಷ್ಟೇ.

ಆ ರೂಢಿಗೆ ಯಾವ ಪದವಿಯೂ ಬೇಕಿಲ್ಲ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನ ನೀನಾಸಮ್ ಮೂಲಕ ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದ್ದು, ಹೊರದೇಶದ ಚಿತ್ರಗಳನ್ನೂ ಹಳ್ಳಿಯವರ ಮುಂದೆ ತೋರಿಸಿದ್ದು ಇದೇ ನಂಬಿಕೆಯಿಂದ. ಅಡಿಕೆ ತೋಟದಿಂದ ಎದ್ದುಬಂದವರು ಒಳ್ಳೆಯ ಚಿತ್ರದ ಬಗ್ಗೆ ಒಳ್ಳೆಯ ಮಾತಾಡಬಲ್ಲರು ಎಂಬುದರಲ್ಲಿ ನನಗೂ ಯಾವ ಅನುಮಾನವೂ ಇಲ್ಲ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಒಂದೇ: ಇಡೀ ಕತೆ ಹೇಳಲು ಹೊರಡಬೇಡಿ, ಒಂದು ದೃಶ್ಯದಿಂದ ಶುರು ಮಾಡಿ.

ರಾಮ್ ರೆಡ್ಡಿ ನಿರ್ದೇಶನದ, 2016ರಲ್ಲಿ ನಮ್ಮಲ್ಲಿ ತೆರೆಕಂಡ 'ತಿಥಿ'ಯನ್ನೇ ತೆಗೆದುಕೊಳ್ಳೋಣ. ಮಂಡ್ಯ ಸೀಮೆಯ ಊರು. ನೂರು ದಾಟಿದ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿರುತ್ತಾನೆ. ಎದ್ದು ಸ್ವಲ್ಪ ದೂರ ಹೋದವನು ಅಲ್ಲೇ ಬಿದ್ದು ಸತ್ತುಹೋಗುತ್ತಾನೆ. ಹನ್ನೊಂದನೆಯ ದಿನದ ತಿಥಿಯವರೆಗೆ ಮನೆಯ ಮೂರು ತಲೆಮಾರಿನವರು ಏನೇನು ಮಾಡುತ್ತಾರೆ ಎಂಬುದೇ ಚಿತ್ರ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಮರಿಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬಿದ್ದಿದ್ದಾನೆ.

ಈ ಚಿತ್ರ ನೋಡಿಬಂದ ಒಬ್ಬ ಹುಡುಗಿ ನನ್ನ ತರಗತಿಯಲ್ಲಿ, "ಕತೆ ಮುಂದಕ್ಕೇ ಹೋಗಲ್ಲ ಸರ್" ಎಂದಳು.

"ಎಲ್ಲಿ ಹಾಗನ್ನಿಸ್ತು?"

"ಗಡ್ಡಪ್ಪ ಸುಮ್ನೆ ನಡೀತಾನೇ ಇರ್ತಾನಲ್ಲ, ಅಲ್ಲಿ. ಬಾಟಲಿ ಹಿಡ್ಕೊಂಡು ಹೊಲದ ಕಡೆ ಹೋಗ್ತಾನೆ, ಬರ್ತಾನೆ."

"ತಮ್ಮಣ್ಣ?"

ಸ್ವಲ್ಪ ಹೊತ್ತು ಯೋಚಿಸಿದಳು. "ಅವನು ಒಂದು ಕಡೆ ನಿಲ್ಲಲ್ಲ ಸರ್. ಪತ್ರ ಮಾಡಿಸ್ಬೇಕು, ದುಡ್ಡು ಹೊಂದಿಸ್ಬೇಕು, ಊಟಕ್ಕೆ ವ್ಯವಸ್ಥೆ ಮಾಡ್ಬೇಕು... ಹಾಗಾದ್ರೆ ಅಪ್ಪ ನಿಧಾನ ಇರೋದಕ್ಕೇ ಮಗನಿಗೆ ಅಷ್ಟು ತರಾತುರಿ ಅನ್ನಿಸೋದು, ಅಲ್ವಾ?"

ಅಲ್ಲಿಗೆ ಅವಳ ಕೈಗೆ ಗಟ್ಟಿಯಾದ ಒಂದು ಅಭಿಪ್ರಾಯ ಸಿಕ್ಕಿತು. ಚಿತ್ರ ನಿಧಾನ ಎಂಬ ಮಾತನ್ನು ಅವಳು ವಾಪಸ್ ತೆಗೆದುಕೊಳ್ಳಲಿಲ್ಲ, ತೆಗೆದುಕೊಳ್ಳಬೇಕಾಗಿಯೂ ಇರಲಿಲ್ಲ. ಯಾರು ನಿಧಾನ, ಯಾರಿಗೆ ಅವಸರ, ಅದರಿಂದ ನೋಡುವವರ ಮೇಲೆ ಆದ ಪರಿಣಾಮವೇನು ಎಂದು ಹೇಳಬಲ್ಲವಳಾದಳು. ಆಮೇಲೂ ಅವಳಿಗೆ ಚಿತ್ರ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಅವಳ ಮಾತು ಕೇಳಿದ ಇಬ್ಬರು ಅದೇ ವಾರ ಹುಡುಕಿ ನೋಡಿದರು. ಮೆಚ್ಚದವರ ಅಭಿಪ್ರಾಯವೂ ಹೀಗೆ ಇನ್ನೊಬ್ಬರಿಗೆ ದಾರಿ ತೋರಬಲ್ಲದು. ಹಾಗಾಗಿ ಇಷ್ಟವಾಗದಿದ್ದರೆ ಹೇಳಲು ಹಿಂಜರಿಯಬೇಡಿ, ಎಲ್ಲಿ ಎಂಬುದನ್ನು ಮಾತ್ರ ಮರೆಯದೆ ಸೇರಿಸಿ.

'ತಿಥಿ'ಯಲ್ಲಿ ನಟಿಸಿದವರು ವೃತ್ತಿ ಕಲಾವಿದರಲ್ಲ, ಆ ಸೀಮೆಯ ಹಳ್ಳಿಯ ಜನ. ರಾಮ್ ರೆಡ್ಡಿಯವರ ಜೊತೆ ಕೂತು ಚಿತ್ರಕತೆ ಬರೆದ ಈರೇಗೌಡರೂ ಅಲ್ಲಿನ ನೊದೆಕೊಪ್ಪಲು ಎಂಬ ಊರಿನವರು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ಪ್ರಶಸ್ತಿ ಬಂತು. ಇಂಥ ವಿವರಗಳು ತಿಳಿದರೆ ಒಳ್ಳೆಯದೇ. ಆದರೆ ಅವನ್ನು ಮೊದಲು ಓದಿಕೊಂಡು ಚಿತ್ರಕ್ಕೆ ಕೂತರೆ ಪ್ರಶಸ್ತಿಗೆ ತಲೆದೂಗಬೇಕೆಂಬ ಒತ್ತಡ ಹುಟ್ಟಿಕೊಳ್ಳುತ್ತದೆ. ಮೊದಲು ನೋಡಿ, ಅನ್ನಿಸಿದ್ದನ್ನು ಒಂದೆರಡು ಸಾಲು ಗೀಚಿಟ್ಟುಕೊಳ್ಳಿ, ಆಮೇಲೆ ಓದಿ. ರಾತ್ರಿ ಬೆಂಕಿಯ ಮುಂದೆ ಕೂತು ಗಡ್ಡಪ್ಪ ತನ್ನ ಬಾಳಿನ ಕತೆ ಹೇಳುವ ದೃಶ್ಯ ನಿಮ್ಮನ್ನು ಹಿಡಿದು ಕೂರಿಸಿದ್ದರೆ, ಅದಕ್ಕೆ ಲೊಕಾರ್ನೊದ ಸಾಕ್ಷಿ ಬೇಕಾಗಿಲ್ಲ.

ಇನ್ನು ಮನೆಯ ವಿಷಯ. ಥಿಯೇಟರಿನಲ್ಲಿ ಕತ್ತಲೆ ಇರುತ್ತದೆ, ಎಲ್ಲರೂ ಒಂದೇ ಕಡೆ ನೋಡುತ್ತಾರೆ. ಮನೆಯಲ್ಲಿ ಹಾಗಲ್ಲ. ಕುಕ್ಕರ್ ಕೂಗುತ್ತದೆ, ಮಗು ಎದ್ದು ಅಳುತ್ತದೆ, ಕೈಯಲ್ಲಿ ಮೊಬೈಲ್ ಇರುತ್ತದೆ. 'ತಿಥಿ'ಯಂಥ ಚಿತ್ರದಲ್ಲಿ ಊರಿನ ಸದ್ದುಗಳೇ ಹಿನ್ನೆಲೆ ಸಂಗೀತದ ಕೆಲಸ ಮಾಡುತ್ತವೆ. ಫ್ಯಾನಿನ ಗಾಳಿಯ ಸದ್ದಿನಲ್ಲಿ ಅವು ಮುಳುಗಿಹೋದರೆ ಚಿತ್ರದ ಒಂದು ಪಾಲು ನಿಮಗೆ ತಲುಪಲೇ ಇಲ್ಲ ಎಂದಾಯಿತು. ಆದ್ದರಿಂದ ಅಭಿಪ್ರಾಯ ಹೇಳುವಾಗ, "ಮೂರು ಕಂತಿನಲ್ಲಿ ನೋಡಿದೆ", "ಬಸ್ಸಿನಲ್ಲಿ ಫೋನಿನಲ್ಲಿ ನೋಡಿದೆ", "ಕೊನೆಯ ಅರ್ಧ ಗಂಟೆ ಓಡಿಸಿ ನೋಡಿದೆ" ಎಂದು ಹೇಳಿಬಿಡಿ. ಕೇಳುವವರು ನಿಮ್ಮ ಮಾತನ್ನು ಎಷ್ಟು ತೂಗಬೇಕೋ ಅಷ್ಟು ತೂಗಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ಅನುಕೂಲವೂ ಇದೆ: ಇಷ್ಟವಾದ ದೃಶ್ಯವನ್ನು ಮತ್ತೆ ಹಾಕಿ ನೋಡಬಹುದು. ಎರಡನೆಯ ಸಲ ಮಾತನ್ನು ಬಿಟ್ಟು ಮುಖಗಳನ್ನಷ್ಟೇ ನೋಡಿ. ಯಾರು ಮಾತಾಡುತ್ತಿದ್ದಾರೆ ಎನ್ನುವುದಕ್ಕಿಂತ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದರಲ್ಲೇ ಎಷ್ಟೋ ಸಲ ನಟನೆ ಇರುತ್ತದೆ.

ಪ್ರತಿಯ ಗುಣಮಟ್ಟವನ್ನೂ ಗಮನಿಸಬೇಕು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಕಪ್ಪುಬಿಳುಪಿನ ಚಿತ್ರ. ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ವಿಧವೆ ಯಮುನೆಯ ಪಾಡನ್ನು ತೋರಿಸುತ್ತದೆ. ಮಾಸಿದ ಪ್ರತಿಯಲ್ಲಿ ನೋಡಿದವರು, "ಕತ್ತಲಲ್ಲಿ ಏನೂ ಕಾಣಲಿಲ್ಲ" ಎನ್ನುತ್ತಾರೆ. ಆ ದೂರು ಪ್ರತಿಗೆ ಸೇರಬೇಕಾದ್ದು, ಛಾಯಾಗ್ರಾಹಕ ಎಸ್. ರಾಮಚಂದ್ರ ಅವರಿಗಲ್ಲ. ಈ ಚಿತ್ರವನ್ನು ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಹಳೆಯ ಚಿತ್ರವೊಂದು ಮಂಕಾಗಿ ಕಂಡರೆ, ಅದು ಚಿತ್ರದ ಗುಣವೋ ಪ್ರತಿಯ ದೋಷವೋ ಎಂದು ಒಂದು ಕ್ಷಣ ಕೇಳಿಕೊಳ್ಳಿ.

ಡಬ್ಬಿಂಗ್ ಬಗ್ಗೆಯೂ ಇದೇ ಎಚ್ಚರ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಮಾತಾಡುತ್ತ ನಮ್ಮ ಮನೆಗಳಿಗೆ ಬಂತು, ಈಗ ಮಲಯಾಳಂ, ತೆಲುಗು ಚಿತ್ರಗಳೂ ಬರುತ್ತವೆ. ಡಬ್ ಆದದ್ದನ್ನು ನೋಡಿ "ಅವನ ಧ್ವನಿ ಸರಿಯಿಲ್ಲ" ಎಂದರೆ ಯಾರ ಧ್ವನಿ? ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಮೊದಲೇ ಹೇಳಿದರೆ ಗೊಂದಲವಿಲ್ಲ.

ಧಾರಾವಾಹಿಯ ಅಳತೆಯೇ ಬೇರೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್'ನ ಎಷ್ಟೋ ಕತೆಗಳು ಒಂದೇ ಕಂತಿಗೆ ಮುಗಿಯುತ್ತವೆ, ಅವನ್ನು ಸಣ್ಣಕತೆಯ ಹಾಗೆ ಬಿಡಿಬಿಡಿಯಾಗಿ ನೋಡಬಹುದು. ವಾರಪೂರ್ತಿ ಬರುವ ಧಾರಾವಾಹಿಯನ್ನು ಹಾಗೆ ನೋಡಲಾಗದು. ಅದು ಮನೆಗೆಲಸದ ನಡುವೆ ನೋಡುವವರಿಗಾಗಿ ತಯಾರಾದದ್ದು, ಮೊನ್ನೆ ನಡೆದದ್ದನ್ನು ಇವತ್ತು ಮತ್ತೆ ನೆನಪಿಸುವುದು ಅದರ ಅಗತ್ಯ. ಆದರೆ ನೆನಪಿಸುವುದು ಬೇರೆ, ಎಳೆಯುವುದು ಬೇರೆ. ಒಂದು ತಪ್ಪು ತಿಳಿವಳಿಕೆ ಎರಡು ಮಾತಿನಲ್ಲಿ ಬಗೆಹರಿಯುವಂತಿದ್ದರೂ ಆ ಎರಡು ಮಾತನ್ನು ಯಾರೂ ಆಡದ ಹಾಗೆ ವಾರಗಟ್ಟಲೆ ತಡೆದಿಟ್ಟರೆ, ಅದನ್ನು ದೋಷವೆಂದೇ ಹೇಳಬೇಕು. ಟಿ.ಎನ್. ಸೀತಾರಾಮ್ ಅವರ 'ಮುಕ್ತ' ಧಾರಾವಾಹಿಯನ್ನು ನೆನೆಸಿಕೊಳ್ಳಿ. ಕೋರ್ಟಿನ ವಾದ ದಿನಗಟ್ಟಲೆ ನಡೆದರೂ ಜನ ಕಾದು ಕೂರುತ್ತಿದ್ದರು. ಅಲ್ಲಿ ಸೀತಾರಾಮ್ ಅವರೇ ನಟಿಸಿದ ವಕೀಲ ಸಿಎಸ್‌ಪಿ ಕೇಳುವ ಪ್ರಶ್ನೆಯಿಂದ ಹೊಸದೊಂದು ಸಂಗತಿ ಹೊರಬರುತ್ತಿತ್ತು. ಉದ್ದ ಎರಡು ಕಡೆಯೂ ಒಂದೇ ಇರಬಹುದು. ಇವತ್ತಿನ ಕಂತು ಮುಗಿದಾಗ ನಿನ್ನೆ ಗೊತ್ತಿಲ್ಲದ್ದು ಏನು ಗೊತ್ತಾಯಿತು ಎಂದು ಕೇಳಿ ನೋಡಿ, ವ್ಯತ್ಯಾಸ ಕಾಣುತ್ತದೆ. ಎಷ್ಟು ಕಂತು ನೋಡಿ ಹೇಳುತ್ತಿದ್ದೀರಿ ಎಂಬುದನ್ನೂ ತಿಳಿಸಿ.

ಅಭಿಪ್ರಾಯ ಹೇಳುವಾಗ ಕತೆಯ ಕೊನೆಯನ್ನು ಮಾತ್ರ ಬಯಲು ಮಾಡಬೇಡಿ. ಅರ್ಧದವರೆಗಿನ ಕತೆಯಲ್ಲೇ ಹೇಳುವುದಕ್ಕೆ ಬೇಕಾದಷ್ಟಿರುತ್ತದೆ.

ಮೊದಲ ಅಭ್ಯಾಸಕ್ಕೆ ನಾನು ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಸೂಚಿಸುತ್ತೇನೆ. ವೈದೇಹಿಯವರ ಕತೆಯನ್ನು ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ಊರಿನಲ್ಲಿ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಗಂಡ ಬಿಟ್ಟುಹೋದ ಮುಸ್ಲಿಂ ಹೆಂಗಸು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಒಂದು ಕಲರ್ ಟಿವಿ ಸಿಗುತ್ತದೆ. ಗಂಡಸರು ಕಡಲಿಗೆ ಹೋದ ಹೊತ್ತಿನಲ್ಲಿ ಊರ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬರುತ್ತಾರೆ. ಕೆಲವರು ಒಳಗೆ ಬರಲು ಹಿಂಜರಿದು ಹೊರಗಿನಿಂದಲೇ ನೋಡುತ್ತಾರೆ. ಅದೇ ಟಿವಿಯಲ್ಲಿ ಕಾರ್ಗಿಲ್ ಯುದ್ಧದ ಸುದ್ದಿಯೂ ಬರುತ್ತದೆ, ಊರಿನಲ್ಲಿ ಮಾತು ಬದಲಾಗುತ್ತದೆ. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಅವರು ಟಿವಿ ನೋಡುವಾಗ ಕಣ್ಣು ಹೇಗಿರುತ್ತದೆ, ನೆರೆಯವರನ್ನು ನೋಡುವಾಗ ಹೇಗಿರುತ್ತದೆ ಎಂದು ಗಮನಿಸಿ.

ಆದರೆ ಇದನ್ನು ಮನೆಯವರೆಲ್ಲ ಒಟ್ಟಿಗೆ ಕೂತು ನೋಡಬೇಕು. ಟಿವಿ ಬಂದದ್ದರಿಂದ ಆ ಊರಿನ ಹೆಂಗಸರಿಗೆ ಒಳ್ಳೆಯದಾಯಿತೇ, ಕೆಟ್ಟದಾಯಿತೇ ಎಂಬುದರಲ್ಲಿ ಮನೆಯವರ ಮಾತು ಒಂದಾಗುವುದು ಕಷ್ಟ. ಅಮ್ಮ ಒಂದು ಹೇಳುತ್ತಾರೆ, ಕಾಲೇಜಿಗೆ ಹೋಗುವ ಮಗ ಇನ್ನೊಂದು ಹೇಳುತ್ತಾನೆ. ಯಾರದು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಇಬ್ಬರನ್ನೂ "ಯಾವ ದೃಶ್ಯ ನೋಡಿ ಹಾಗನ್ನಿಸ್ತು?" ಎಂದು ಕೇಳಿ, ಅವರು ಹೇಳಿದ ಎರಡು ದೃಶ್ಯಗಳನ್ನು ಇನ್ನೊಮ್ಮೆ ಹಾಕಿ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅಜ್ಜಿಯನ್ನೂ ಕೇಳುವುದನ್ನು ಮರೆಯಬೇಡಿ.