ನೋಡಿದ್ದಕ್ಕೂ ಕೂಲಿ ಕೊಡಿ

ಹಳೆಯ ಕಾರು ಇಟ್ಟುಕೊಂಡವರು ಬಿಡಿಭಾಗಕ್ಕೆ ಸಾವಿರಗಟ್ಟಲೆ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಮೆಕ್ಯಾನಿಕ್ ಅರ್ಧ ದಿನ ಬಾನೆಟ್ ಎತ್ತಿ ಪರೀಕ್ಷಿಸಿ ಐನೂರು ಕೇಳಿದರೆ ಮಾತ್ರ ಚೌಕಾಸಿಗೆ ಇಳಿಯುತ್ತಾರೆ. ನನ್ನ ಪ್ರೀಮಿಯರ್ ಪದ್ಮಿನಿಯ ಲೆಕ್ಕದ ಪುಸ್ತಕದಲ್ಲಿ ಹೆಚ್ಚು ಹಣ ಉಳಿಸಿರುವುದು ಆ ಕೂಲಿಯೇ.

ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಫಿಯಟ್ 1100 ಮೂಲದ ಕಾರಿನದ್ದು 1089 ಸಿಸಿ ಎಂಜಿನ್, ಒಂದೇ ಸೊಲೆಕ್ಸ್ ಕಾರ್ಬುರೇಟರ್. ಎಂಜಿನ್ ಗಾಳಿ ಎಳೆದಾಗ ಹಿತ್ತಾಳೆಯ ಜೆಟ್ಟಿನ ಸಣ್ಣ ತೂತಿನಿಂದ ಪೆಟ್ರೋಲೂ ಬರುತ್ತದೆ, ಅಷ್ಟೇ. ನನ್ನ ಗಾಡಿ ಸಿಗ್ನಲ್ಲಿನಲ್ಲಿ ಆರಿಹೋಗುತ್ತಿತ್ತು. ಚೋಕ್ ಎಳೆದರೆ ಓಡುತ್ತಿತ್ತು. ಪಿಕಪ್ಪೂ ಇರಲಿಲ್ಲ. ಚೋಕ್ ಎಳೆದುಕೊಂಡೇ ಓಡಿಸಿ ಮೈಲೇಜ್ 12ರಿಂದ 9ಕ್ಕೆ ಇಳಿಯಿತು. ತಿಂಗಳಿಗೆ 300 ಕಿ.ಮೀ. ಓಡಿದರೆ ಎಂಟು ಲೀಟರ್ ಹೆಚ್ಚುವರಿ. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ ಹತ್ತು ಸಾವಿರದ ಹತ್ತಿರ. ಕಾರ್ಬುರೇಟರನ್ನೇ ಬದಲಿಸಿಬಿಡಿ ಎಂದರು ಹಲವರು.

ಮೇಸ್ತ್ರಿ ಒಪ್ಪಲಿಲ್ಲ. "ಸಾರ್, ಅದಕ್ಕೆ ಕೈ ಹಾಕೋಕೆ ಮುಂಚೆ ಕರೆಂಟ್ ಸರಿ ಇದೆಯಾ ನೋಡೋಣ" ಎಂದು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರು. ಪಾಯಿಂಟ್ ಸುಟ್ಟಿತ್ತು. ಹೊಸ ಕಾರ್ಬುರೇಟರ್ ತಂದು ಕೂರಿಸಿದ್ದರೂ ಪಿಕಪ್ ಬರುತ್ತಿರಲಿಲ್ಲ! ಆಮೇಲೆ ಪ್ಲಗ್ ಬಿಚ್ಚಿದರು. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ತಿಳಿಗಂದು ಇದ್ದರೆ ಎರಡೂ ಹದ. ಚೋಕ್ ಎಳೆದು ಓಡಿಸಿದ್ದರಿಂದ ನಮ್ಮವಕ್ಕೆ ಮಸಿ ಮೆತ್ತಿತ್ತು. ಅವನ್ನು ಉಜ್ಜಿ ಹಾಕಿ, ಚೋಕ್ ಇಲ್ಲದೆ ಒಂದಷ್ಟು ದೂರ ಓಡಿಸಿ ಮತ್ತೆ ಬಿಚ್ಚಿದಾಗ ಬೆಳ್ಳಗಿದ್ದವು. ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿತ್ತು. ಓಡುತ್ತಿರುವ ಎಂಜಿನ್ನಿನ ಮೇಲೆ, ಕಾರ್ಬುರೇಟರ್ ಬುಡದ ಪ್ಯಾಕಿಂಗ್ ಸುತ್ತ ಬ್ರಷ್ಷಿನಿಂದ ಆಯಿಲ್ ಸವರಿದರು. ತಡವರಿಸುತ್ತಿದ್ದ ಎಂಜಿನ್ ಸ್ವಲ್ಪ ಹೊತ್ತು ಸಮನಾಯಿತು. ಥ್ರಾಟಲ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಅದೂ ಸವೆದು ಆಡುತ್ತಿತ್ತು.

ಪಾಯಿಂಟ್, ಪ್ಯಾಕಿಂಗ್, ಲೇತ್ ಅಂಗಡಿಯಲ್ಲಿ ಶಾಫ್ಟಿಗೆ ಬುಷ್, ಎಲ್ಲದರ ಕೂಲಿ ಸೇರಿದರೂ ಹೊಸ ಕಾರ್ಬುರೇಟರಿನ ಬೆಲೆಯ ಕಾಲುಭಾಗ ಆಗಲಿಲ್ಲ. ಬಿಚ್ಚಿದಾಗ ಜೆಟ್ಟನ್ನು ಕ್ಲೀನರ್ ಮತ್ತು ಗಾಳಿಯಿಂದಷ್ಟೇ ಸ್ವಚ್ಛ ಮಾಡಿಸಿದೆ. ಕೆಲವರು ತಂತಿ ತೂರಿಸುತ್ತಾರೆ, ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಹಿತ್ತಾಳೆ ಮೆದು, ತೂತು ಒಮ್ಮೆ ದೊಡ್ಡದಾದರೆ ಆ ಜೆಟ್ ಇರುವಷ್ಟು ದಿನ ಪೆಟ್ರೋಲಿಗೆ ದಂಡ ತೆರುತ್ತಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಸಿಗುತ್ತದೆ ನಿಜ, ಆದರೆ ಯಾವುದು ಬೇಕೆಂದು ಗೊತ್ತಾದ ಮೇಲೆ ಹೋಗಿ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದರಲ್ಲಿ ಆಮ್ಲಜನಕವಿರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಹೊಸ ಕಾರಿನ ಸೆನ್ಸರ್ ಅದನ್ನು ಸರಿದೂಗಿಸುತ್ತದೆ, ಕಾರ್ಬುರೇಟರಿಗೆ ಅದು ಆಗದು, ಟ್ಯೂನಿಂಗ್ ಮಾಡಿಸಲೇಬೇಕು. ಎಥನಾಲ್ ತೇವವನ್ನೂ ಹೀರುತ್ತದೆ. ಹಳೆಯ ರಬ್ಬರ್ ಪೈಪನ್ನಂತೂ ಅದು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಆ ಪೈಪ್ ಹಾದುಹೋಗುವುದು ಬಿಸಿ ಎಂಜಿನ್ನಿನ ಪಕ್ಕದಲ್ಲೇ. ಎಥನಾಲ್ ತಡೆಯುವ ಹೊಸ ಪೈಪಿಗೆ ತಗಲುವುದು ಕೆಲವೇ ನೂರು ರೂಪಾಯಿ. ಪರೀಕ್ಷೆ, ಪತ್ತೆ ಯಾವುದಕ್ಕೂ ಕಾಯದೆ ಅದೊಂದನ್ನು ಮೊದಲೇ ಬದಲಿಸಿಬಿಡಿ.