ನಡತೆಯೂ ಒಂದು ಅರ್ಹತೆ

ಎಕ್ಸೆಲ್ ಕಲಿಸಬಹುದು, ಇಂಗ್ಲಿಷ್ ಕಲಿಸಬಹುದು, ಯಂತ್ರ ನಡೆಸುವುದನ್ನೂ ಆರು ತಿಂಗಳಲ್ಲಿ ಕಲಿಸಬಹುದು. ಸುಳ್ಳು ಬಿಲ್ ಕೊಡಬಾರದು ಎಂದು ಇಪ್ಪತ್ತೈದು ವರ್ಷದವರಿಗೆ ಪಾಠ ಹೇಳುತ್ತಾ ಕೂರಲು ಯಾವ ಕಂಪನಿಗೂ ಪುರುಸೊತ್ತಿಲ್ಲ. ಅದನ್ನು ನೀವೇ ಮನೆಯಿಂದ ತರಬೇಕು.

1. ಬಯೋಡೇಟಾಕ್ಕೆ ಬಣ್ಣ ಬಳಿಯಬೇಡಿ. ದುಡ್ಡು ಕೊಟ್ಟರೆ ಅನುಭವದ ಪತ್ರ ಬರೆದುಕೊಡುವವರು ಸಿಗುತ್ತಾರೆ, ನಿಜ. ಆದರೆ ನಿಮ್ಮ ಪಿಎಫ್ ಖಾತೆ ಅವರ ಮಾತು ಕೇಳುವುದಿಲ್ಲ. ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲವೂ ಪಿಎಫ್‌ನ ಯುಎಎನ್ ನಂಬರಿನಡಿ ಕೂತಿರುತ್ತದೆ.

2. ಕದ್ದು ಎರಡನೇ ಕೆಲಸ ಬೇಡ. ಪ್ರತಿಸ್ಪರ್ಧಿ ಕಂಪನಿಗೂ ದುಡಿಯುತ್ತಿದ್ದ 300 ಮಂದಿಯನ್ನು ತೆಗೆದುಹಾಕಿದ್ದಾಗಿ ವಿಪ್ರೋದ ಅಧ್ಯಕ್ಷ ರಿಷದ್ ಪ್ರೇಮ್‌ಜಿ 2022ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ವಾರಾಂತ್ಯದಲ್ಲಿ ಬ್ಯಾಂಡ್ ಕಟ್ಟಿ ಹಾಡುತ್ತೇನೆ ಎಂದು ಹೇಳಿಯೇ ಮಾಡುವವರ ಬಗ್ಗೆ ಅವರಿಗೆ ತಕರಾರಿರಲಿಲ್ಲ.

3. ‘ಟಾರ್ಗೆಟ್ ಇತ್ತು ಸಾರ್’ ಎಂಬ ಸಬೂಬು ನಡೆಯುವುದಿಲ್ಲ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಸಿಬ್ಬಂದಿ ಗುರಿ ಮುಟ್ಟುವ ಒತ್ತಡದಲ್ಲಿ ಗ್ರಾಹಕರಿಗೆ ತಿಳಿಸದೆ ಅವರ ಹೆಸರಿನಲ್ಲೇ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಅಷ್ಟರೊಳಗೆ ಕೆಲಸ ಕಳೆದುಕೊಂಡವರು ಸುಮಾರು 5,300 ಮಂದಿ. ಗುರಿ ನಿಗದಿ ಮಾಡಿದ ದೊಡ್ಡವರಿಗಿಂತ ಮೊದಲು ಮನೆಗೆ ಹೋದವರು ಕೌಂಟರಿನಲ್ಲಿ ಕೂತವರೇ.

4. ಬಕೆಟ್ ಹಿಡಿಯುವುದನ್ನು ಒಳ್ಳೆಯತನ ಎಂದುಕೊಳ್ಳಬೇಡಿ. ನಮ್ಮಲ್ಲಿ ಎದುರು ಮಾತಾಡದವನಿಗೆ ‘ಒಳ್ಳೆ ಹುಡುಗ’ ಎಂಬ ಸರ್ಟಿಫಿಕೇಟ್ ಬೇಗ ಸಿಗುತ್ತದೆ. ಸತ್ಯಂ ಐಟಿ ಕಂಪನಿಯಲ್ಲಿ ವರ್ಷಗಟ್ಟಲೆ ಲೆಕ್ಕ ತಿದ್ದಿದ್ದು ಅಧ್ಯಕ್ಷರೊಬ್ಬರೇ ಕೂತಲ್ಲ. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಮಂದಿಯಲ್ಲಿ ಕಂಪನಿಯ ನೌಕರರಿದ್ದರು, ಆಂತರಿಕ ಲೆಕ್ಕಪರಿಶೋಧಕರೂ ಇದ್ದರು. ಮೇಲಿನವರು ಹೇಳಿದರು, ಮಾಡಿದೆವು ಎನ್ನುವ ಮಾತು ಕಟಕಟೆಯಲ್ಲಿ ಬಲು ತೆಳ್ಳಗೆ ಕೇಳುತ್ತದೆ.

5. ಎದುರು ನಿಲ್ಲುವುದಾದರೆ ಒಂಟಿಯಾಗಿ ನಿಲ್ಲಬೇಡಿ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿನ ತಂಟೆಗೆ ಹೋಗಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಇಂಥ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಪ್ರಾಮಾಣಿಕರನ್ನು ಒಬ್ಬಂಟಿಯಾಗಿ ಕಳಿಸುವ ಸಂಸ್ಥೆಯನ್ನು ಹೊಗಳಲಾರೆ. ನಿಮಗೆ ಕಂಡದ್ದನ್ನು ದಿನಾಂಕ ಹಾಕಿ ಬರೆದಿಡಿ, ಇಮೇಲ್‌ನಲ್ಲೇ ತಿಳಿಸಿ. ಷೇರುಪೇಟೆಯಲ್ಲಿರುವ ಕಂಪನಿಗಳು ಇಂಥ ದೂರು ಕೇಳುವ ವ್ಯವಸ್ಥೆ ಇಟ್ಟಿರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದನ್ನು ಬಳಸಿ.

6. ಪಕ್ಕದವರ ಕೆಲಸವನ್ನು ನಿಮ್ಮ ಪಿಪಿಟಿಯಲ್ಲಿ ಹಾಕಿಕೊಂಡರೆ ಅವರ ಹೆಸರೂ ಇರಲಿ. ಇಷ್ಟೇ.

7. ಕೆಲಸ ಕೊಡುವವರೇ, ಈ ಮಾತು ನಿಮಗೆ. ಅಂಕಪಟ್ಟಿ ನೋಡಿದ ಮೇಲೆ ಮನುಷ್ಯರನ್ನೂ ನೋಡಿ. 2008ರ ನವೆಂಬರ್ 26ರಂದು ಮುಂಬೈನ ತಾಜ್ ಹೋಟೆಲಿಗೆ ಉಗ್ರರು ನುಗ್ಗಿದಾಗ ಹಿಂಬಾಗಿಲುಗಳು ಸಿಬ್ಬಂದಿಗೆ ಚೆನ್ನಾಗಿ ಗೊತ್ತಿದ್ದವು. ಆದರೂ ಅತಿಥಿಗಳನ್ನು ದಾಟಿಸುತ್ತಾ ಉಳಿದರು; ಹಲವರು ಪ್ರಾಣ ಕೊಟ್ಟರು. ಮ್ಯಾನೇಜರ್ ಕರಂಬೀರ್ ಕಾಂಗ್ ಅವರ ಹೆಂಡತಿ, ಇಬ್ಬರು ಮಕ್ಕಳು ಅದೇ ಕಟ್ಟಡದ ಬೆಂಕಿಯಲ್ಲಿ ತೀರಿಕೊಂಡರು. ಆದರೂ ಕಾಂಗ್ ಕೆಲಸ ಬಿಟ್ಟು ಹೋಗಲಿಲ್ಲ. ಸಿಬ್ಬಂದಿ ಹೀಗೆ ನಡೆದುಕೊಂಡದ್ದು ಹೇಗೆಂದು ಆಮೇಲೆ ಹಾರ್ವರ್ಡ್‌ನವರು ಅಧ್ಯಯನ ಮಾಡಿದರು. ತಾಜ್ ಹೊಸಬರನ್ನು ಆರಿಸುತ್ತಿದ್ದುದು ಹೆಚ್ಚಾಗಿ ಸಣ್ಣ ಊರುಗಳಿಂದ. ನೋಡುತ್ತಿದ್ದುದು ಹಿರಿಯರಿಗೆ ಕೊಡುವ ಮರ್ಯಾದೆ, ನಗುಮುಖ, ಮನೆಗೆ ಆ ಸಂಬಳ ಎಷ್ಟು ಅಗತ್ಯ ಎಂಬುದು. ಯಾವ ಕೈಪಿಡಿಯಲ್ಲೂ ‘ಗುಂಡಿಗೆ ಎದೆಯೊಡ್ಡಿ’ ಎಂದು ಬರೆದಿರಲಿಲ್ಲ. ಅಂಥ ನಿಯಮ ಬರೆಯಲು ಸಾಧ್ಯವೂ ಇಲ್ಲ.

8. ಕೊನೆಯ ತಿಂಗಳು ಸರಿಯಾಗಿ ದುಡಿಯಿರಿ. ರಾಜೀನಾಮೆ ಕೊಟ್ಟ ಮರುದಿನದಿಂದಲೇ ‘ನನಗೇನು’ ಎನ್ನುವವರೇ ಜಾಸ್ತಿ. ಫೈಲು, ಪಾಸ್‌ವರ್ಡ್, ಬಾಕಿ ಕೆಲಸದ ಪಟ್ಟಿ ಎಲ್ಲವನ್ನೂ ಒಪ್ಪಿಸಿ ಹೋಗಿ. ಹೊಸ ಕಂಪನಿಯವರು ವಿಚಾರಿಸಲು ಫೋನ್ ಮಾಡುವುದು ನಿಮ್ಮ ಹಳೇ ಮ್ಯಾನೇಜರಿಗೇ.